ಕೈಚಳಕ ಮೊದಲೋ, ಕಣ್ಣಳತೆ ಮೊದಲೋ: ಫೈಟಿಂಗ್ ಗೇಮ್ ಕಲಿಯುವವರಿಗೆ ಒಂದು ಮಾರ್ಗದರ್ಶಿ

ಬೆಳಗಾವಿಯ ಟಿಳಕವಾಡಿಯಲ್ಲಿ ಗೆಳೆಯನೊಬ್ಬನ ಮನೆಯ ಮಾಳಿಗೆ ಕೋಣೆಯಿದೆ. ಭಾನುವಾರ ಸಂಜೆ ಅಲ್ಲಿ ಏಳೆಂಟು ಜನ ಸೇರಿ ಟೆಕ್ಕೆನ್ 8 ಅಥವಾ ಸ್ಟ್ರೀಟ್ ಫೈಟರ್ 6 ಎಂಬ, ಇಬ್ಬರು ಎದುರೆದುರು ಹೊಡೆದಾಡುವ ವಿಡಿಯೊ ಗೇಮ್ ಆಡುತ್ತೇವೆ. ಸೋತವರು ಕಂಟ್ರೋಲರ್ ಬಿಟ್ಟುಕೊಡಬೇಕು ಎಂಬುದೊಂದೇ ನಿಯಮ. ಹೊಸದಾಗಿ ಬಂದವರು ಎರಡು ಮೂರು ವಾರ ಕಂಟ್ರೋಲರ್ ಬಿಟ್ಟುಕೊಟ್ಟು ಬೇಸತ್ತ ಮೇಲೆ ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ ಆಗಿರುತ್ತದೆ: "ಆ ದೊಡ್ಡ ದೊಡ್ಡ ಟೆಕ್ನಿಕ್ ಕಲತ್ರ ನಾನೂ ಗೆಲ್ತೀನಿ, ಹೌದಿಲ್ಲೊ?"

ಈ ಪ್ರಶ್ನೆಗೆ ಹೌದು ಎಂದರೂ ಇಲ್ಲ ಎಂದರೂ ಕೇಳಿದವನಿಗೆ ಪ್ರಯೋಜನವಿಲ್ಲ. ಅವನು ಯಾವ ಕಾರಣಕ್ಕೆ ಸೋಲುತ್ತಿದ್ದಾನೆ ಎಂಬುದರಲ್ಲಿ ಉತ್ತರವಿದೆ, ಮತ್ತು ಆ ಕಾರಣವನ್ನು ಅವನು ಇನ್ನೂ ನೋಡಿಕೊಂಡಿರುವುದಿಲ್ಲ. ಸೋಲಿನ ಕಾರಣವನ್ನು ಹುಡುಕುವುದು ಹೇಗೆ, ಅದರ ಮೇಲಿಂದ ಯಾವ ಟೆಕ್ನಿಕ್ಕನ್ನು ಯಾವಾಗ ಕಲಿಯಬೇಕೆಂದು ತೀರ್ಮಾನಿಸುವುದು ಹೇಗೆ, ತೀರ್ಮಾನವಾದ ಬಳಿಕ ಅದನ್ನು ಕೈಗೆ ಹತ್ತಿಸಿಕೊಳ್ಳುವುದು ಹೇಗೆ ಎಂಬುದನ್ನು ನಾನು ಮಾಡಿದ ತಪ್ಪುಗಳ ಸಮೇತ ಇಲ್ಲಿ ಬರೆದಿದ್ದೇನೆ.

ಎಲ್ಲದರ ಅಳತೆ ಫ್ರೇಮ್

ಈ ಆಟಗಳು ಸೆಕೆಂಡಿಗೆ 60 ಫ್ರೇಮ್‌ಗಳಂತೆ ಓಡುತ್ತವೆ. ಫ್ರೇಮ್ ಎಂದರೆ ಪರದೆಯ ಮೇಲೆ ಮೂಡುವ ಒಂದು ಚಿತ್ರ, ಅದರ ಅವಧಿ ಸುಮಾರು 16.7 ಮಿಲಿಸೆಕೆಂಡು. ಪರದೆಯ ಮೇಲೆ ಕಂಡದ್ದಕ್ಕೆ ಬೆರಳು ಸ್ಪಂದಿಸಲು ಸಾಮಾನ್ಯ ಮನುಷ್ಯನಿಗೆ ಕಾಲು ಸೆಕೆಂಡು, ಅಂದರೆ 15 ಫ್ರೇಮ್ ಬೇಕು. ಅದೂ ಒಂದೇ ಸಂಗತಿಗಾಗಿ ಕಾಯುತ್ತ ಕುಳಿತಿದ್ದರೆ ಮಾತ್ರ. ನಾಲ್ಕು ಸಂಗತಿಗಳ ಮೇಲೆ ಕಣ್ಣಿಟ್ಟಿದ್ದರೆ ಇನ್ನೂ ಹೆಚ್ಚು. ಟೆಕ್ಕೆನ್‌ನಲ್ಲಿ 10 ಫ್ರೇಮಿನಲ್ಲಿ ಬರುವ ಜ್ಯಾಬ್ ಎಂಬ ಚುರುಕು ಗುದ್ದನ್ನಾಗಲಿ, ಸ್ಟ್ರೀಟ್ ಫೈಟರ್ 6ರಲ್ಲಿ 5 ಫ್ರೇಮಿನ ಥ್ರೋ ಎಂಬ ಹಿಡಿದೆಸೆತವನ್ನಾಗಲಿ ಯಾರೂ ನೋಡಿ ತಡೆಯುವುದಿಲ್ಲ, ಊಹಿಸಿ ತಡೆಯುತ್ತಾರೆ. ಅದೇ ಸ್ಟ್ರೀಟ್ ಫೈಟರ್ 6ರ ಡ್ರೈವ್ ಇಂಪ್ಯಾಕ್ಟ್ ಎಂಬ ಭಾರಿ ಪೆಟ್ಟು 26 ಫ್ರೇಮ್ ತೆಗೆದುಕೊಳ್ಳುತ್ತದೆ, ಮುಂದಕ್ಕೆ ಹಾರುವ ಜಂಪ್ ನೆಲಕ್ಕಿಳಿಯುವ ಹೊತ್ತಿಗೆ ಸುಮಾರು 45 ಫ್ರೇಮ್ ಕಳೆದಿರುತ್ತವೆ; ಇವೆರಡನ್ನೂ ನೋಡಿಯೇ ಉತ್ತರ ಕೊಡಬಹುದು. ಯಾವುದನ್ನು ನೋಡಿ ಆಡಬೇಕು, ಯಾವುದನ್ನು ಊಹಿಸಿ ಆಡಬೇಕು ಎಂಬ ಈ ವಿಂಗಡಣೆ ತಲೆಯಲ್ಲಿ ಕೂತಿಲ್ಲದವನಿಗೆ ಎಲ್ಲ ಪೆಟ್ಟುಗಳೂ ಒಂದೇ ರೀತಿ ಕಾಣುತ್ತವೆ, ಎದುರಾಳಿ ಮಿಂಚಿನ ವೇಗದವನೆಂದು ಭ್ರಮೆಯಾಗುತ್ತದೆ.

ಬ್ಲಾಕ್ ಆದ ಪೆಟ್ಟಿಗೂ ಇದೇ ಲೆಕ್ಕ. ಎದುರಾಳಿಯ ಪೆಟ್ಟನ್ನು ನೀವು ತಡೆದಾಗ ಅವನು ನಿಮಗಿಂತ 10 ಫ್ರೇಮ್ ತಡವಾಗಿ ಚೇತರಿಸಿಕೊಳ್ಳುವಂತಿದ್ದರೆ ನಿಮ್ಮ 10 ಫ್ರೇಮಿನ ಜ್ಯಾಬ್ ಅವನಿಗೆ ಖಚಿತವಾಗಿ ತಗುಲುತ್ತದೆ, ಅವನು ಏನು ಮಾಡಿದರೂ ತಪ್ಪಿಸಿಕೊಳ್ಳಲಾರ. ಇದಕ್ಕೆ ಆಟಗಾರರು ಪನಿಶ್ ಎನ್ನುತ್ತಾರೆ. ಆ ಹೊತ್ತಿನಲ್ಲಿ ಒತ್ತಬೇಕಾದ ಬಟನ್ನು ಬಹುತೇಕ ಒಂದು ಅಥವಾ ಎರಡು, ಕಷ್ಟವಿರುವುದು ನೆನಪಿನಲ್ಲಿಟ್ಟುಕೊಳ್ಳುವುದರಲ್ಲಿ.

ಇನ್ನು ಸುಧಾರಿತ ಟೆಕ್ನಿಕ್‌ಗಳ ವಿಷಯ. ಟೆಕ್ಕೆನ್‌ನ ಮಿಶಿಮಾ ಮನೆತನದ ಪಾತ್ರಗಳು ಹೊಡೆಯುವ ಎಲೆಕ್ಟ್ರಿಕ್ ವಿಂಡ್ ಗಾಡ್ ಫಿಸ್ಟ್, ಹಿಂದಕ್ಕೆ ಜಿಗಿಯುವ ಚಲನೆಯನ್ನು ನಡುವಿನಲ್ಲೇ ಕತ್ತರಿಸಿ ಮತ್ತೆ ಮತ್ತೆ ಜಿಗಿಯುವ ಕೊರಿಯನ್ ಬ್ಯಾಕ್‌ಡ್ಯಾಶ್, ಸೂಪರ್ ಸ್ಮ್ಯಾಶ್ ಬ್ರದರ್ಸ್ ಮೀಲೀಯ ವೇವ್‌ಡ್ಯಾಶ್, ಸ್ಟ್ರೀಟ್ ಫೈಟರ್ 4ರ ಕಾಲದ ಪ್ಲಿಂಕಿಂಗ್ ಇವೆಲ್ಲ ಈ ಹೆಸರಿನಡಿ ಬರುತ್ತವೆ. ಇವುಗಳನ್ನು ಒಂದೇ ಗಂಟಿನಲ್ಲಿ ಕಟ್ಟುವುದು ನನಗೆ ಸರಿ ಎನಿಸುವುದಿಲ್ಲ. ಎಲೆಕ್ಟ್ರಿಕ್ ಒಂದು ಪೆಟ್ಟು, ಬ್ಯಾಕ್‌ಡ್ಯಾಶ್ ಒಂದು ನಡಿಗೆ, ಪ್ಲಿಂಕಿಂಗ್ ಕೇವಲ ಬೆರಳಿನ ತಂತ್ರ. ಮೂರಕ್ಕೂ ಸಮಾನವಾಗಿರುವುದು ಕಷ್ಟವೊಂದೇ, ಮತ್ತು ಕಷ್ಟವಾಗಿರುವುದೆಲ್ಲ ನಿಮ್ಮ ಈಗಿನ ಸೋಲಿಗೆ ಮದ್ದಾಗಿರಬೇಕಾಗಿಲ್ಲ.

ಒಂದು ಮಳೆಗಾಲದ ದುಡಿಮೆ

2024ರ ಜನವರಿಯಲ್ಲಿ ಟೆಕ್ಕೆನ್ 8 ಬಂದಾಗ ನಾನು ಮಿಶಿಮಾ ಮನೆತನದ ಕಝುಯಾ ಎಂಬ ಪಾತ್ರವನ್ನು ಆರಿಸಿಕೊಂಡೆ. ಅವನ ಎಲೆಕ್ಟ್ರಿಕ್ ಹೊಡೆಯಲು ಮುಂದೆ ಒತ್ತಿ, ಬಿಟ್ಟು, ಕೆಳಗೆ ಒತ್ತಿ, ಕೆಳ-ಮುಂದೆಗೆ ಬರುವ ಅದೇ ಫ್ರೇಮಿನಲ್ಲಿ ಬಲಗೈ ಗುದ್ದಿನ ಬಟನ್ ಒತ್ತಬೇಕು. ಒಂದು ಫ್ರೇಮ್ ತಪ್ಪಿದರೆ ಅದು ಸಾಮಾನ್ಯ ವಿಂಡ್ ಗಾಡ್ ಫಿಸ್ಟ್ ಆಗುತ್ತದೆ. ನೋಡಲು ಎರಡೂ ಹೆಚ್ಚುಕಡಿಮೆ ಒಂದೇ, ಒಂದರಲ್ಲಿ ನೀಲಿ ಮಿಂಚು ಇರುತ್ತದೆ ಅಷ್ಟೆ; ಆದರೆ ಬ್ಲಾಕ್ ಆದಾಗ ಎಲೆಕ್ಟ್ರಿಕ್ ಹೊಡೆದವನಿಗೆ 5 ಫ್ರೇಮ್ ಲಾಭ, ಸಾಮಾನ್ಯದ್ದನ್ನು ಹೊಡೆದವನಿಗೆ 10 ಫ್ರೇಮ್ ನಷ್ಟ. ಹದಿನೈದು ಫ್ರೇಮಿನ ಈ ಅಂತರವನ್ನು ಓದಿದ ದಿನವೇ, ಇದನ್ನು ಕಲಿತುಬಿಟ್ಟರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ ಎಂದು ನಾನು ನಂಬಿಬಿಟ್ಟೆ.

ಆ ವರ್ಷದ ಮಳೆಗಾಲ ಪೂರ್ತಿ ಅದೇ ಕೆಲಸ. ಬೆಳಗಾವಿಯ ಮಳೆ ಬಲ್ಲವರಿಗೆ ಗೊತ್ತು, ಜೂನ್ ಮಧ್ಯದಿಂದ ಆಗಸ್ಟ್‌ವರೆಗೆ ಸಂಜೆ ಹೊರಗೆ ಹೋಗುವ ಮಾತೇ ಇರುವುದಿಲ್ಲ. ಕರೆಂಟ್ ಇದ್ದಷ್ಟು ಹೊತ್ತು ಟ್ರೇನಿಂಗ್ ಮೋಡ್‌ನಲ್ಲಿ ನಿಂತ ಗೊಂಬೆಗೆ ಎಲೆಕ್ಟ್ರಿಕ್ ಹೊಡೆದೆ. ಮೂರು ತಿಂಗಳಾಗುವಷ್ಟರಲ್ಲಿ ಎಡಬದಿಯಲ್ಲಿ ನಿಂತಾಗ ಹತ್ತಕ್ಕೆ ಎಂಟು ಬರುತ್ತಿದ್ದವು, ಬಲಬದಿಯಲ್ಲಿ ಹತ್ತಕ್ಕೆ ಮೂರು.

ಆಗ ಗೋಕಾಕದಿಂದ ಓದಲು ಬಂದಿದ್ದ ಹುಡುಗನೊಬ್ಬ ನಮ್ಮ ಮಾಳಿಗೆಗೆ ಬಂದ. ಆಡುತ್ತಿದ್ದುದು ಬ್ರಯನ್ ಪಾತ್ರವನ್ನು. ಬಳಸುತ್ತಿದ್ದುದು, ನಾನು ಬೇಕೆಂದೇ ಎಣಿಸಿದೆ, ಐದೇ ಪೆಟ್ಟುಗಳನ್ನು. ಅವುಗಳಲ್ಲಿ ಒಂದು ಸ್ನೇಕ್ ಎಡ್ಜ್ ಎಂಬ ಕೆಳಪೆಟ್ಟು. ಕಾಲನ್ನು ಹಿಂದಕ್ಕೆ ಎಳೆದು ಬೀಸುವ ಅದು ತಗುಲಲು ಸುಮಾರು ಅರ್ಧ ಸೆಕೆಂಡು ಬೇಕು. ತಗುಲಿದರೆ ಎದುರಿನವನು ಗಾಳಿಗೇಳುತ್ತಾನೆ, ಒಂದರ ಹಿಂದೊಂದು ಬೀಳುವ ಪೆಟ್ಟುಗಳ ಪೂರ್ತಿ ಕಾಂಬೊ ತಿನ್ನುತ್ತಾನೆ. ಕುಳಿತು ತಡೆದರೆ ಹೊಡೆದವನೇ 20 ಫ್ರೇಮಿಗೂ ಮೀರಿ ಬಯಲಲ್ಲಿ ನಿಂತಿರುತ್ತಾನೆ. ಮೊದಲ ಪಂದ್ಯದ ಕೊನೆಯ ರೌಂಡಿನಲ್ಲಿ ಅದು ನನಗೆ ಮೂರು ಸಲ ತಗುಲಿತು. ನಾಲ್ಕನೆಯದನ್ನು ಹೇಗೋ ತಡೆದೆ, ಆದರೆ ತಡೆದ ಮೇಲೆ ಏನು ಮಾಡಬೇಕೆಂದು ತಿಳಿಯದೆ ಒಂದು ಜ್ಯಾಬ್ ಒತ್ತಿದೆ. ಅವನು ಬದುಕಿಕೊಂಡ, ಐದನೆಯದನ್ನು ಬೀಸಿದ, ಪಂದ್ಯ ಮುಗಿಯಿತು. ಕಂಟ್ರೋಲರನ್ನು ನನ್ನ ಕೈಯಿಂದ ತೆಗೆದುಕೊಂಡವನಿಗೆ ಪಕ್ಕದಲ್ಲಿದ್ದ ಡಬ್ಬಿಯಿಂದ ಕುಂದಾ ಕೊಟ್ಟು ಉಪಚರಿಸಬೇಕಾಗಿ ಬಂದದ್ದು ಬೇರೆ.

ಮನೆಗೆ ಹೋಗಿ ನೋಡಿದರೆ ಸ್ನೇಕ್ ಎಡ್ಜ್‌ಗೆ ಕಝುಯಾನ ಉತ್ತರ ಟ್ವಿನ್ ಪಿಸ್ಟನ್ಸ್: ಕುಳಿತಲ್ಲಿಂದ ಏಳುವಾಗ ಎಡಗುದ್ದು, ಬಲಗುದ್ದು. ಎರಡು ಬಟನ್. 13 ಫ್ರೇಮಿನಲ್ಲಿ ತಗುಲುತ್ತದೆ, ಎದುರಾಳಿಯನ್ನು ಗಾಳಿಗೆಸೆಯುತ್ತದೆ, ಆಮೇಲಿನ ಕಾಂಬೊ ನಿಮ್ಮದು. ಮೂರು ತಿಂಗಳು ನಾನು ಬೆವರು ಸುರಿಸಿದ ವಿದ್ಯೆಗೂ ಆ ಸಂಜೆಯ ಸೋಲಿಗೂ ಸಂಬಂಧವೇ ಇರಲಿಲ್ಲ. ಸಂಬಂಧವಿದ್ದ ವಿದ್ಯೆ ಅರ್ಧ ಗಂಟೆಯದಾಗಿತ್ತು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಟ್ರೇನಿಂಗ್ ಮೋಡ್‌ನ ಗೊಂಬೆ ತಿರುಗಿ ಹೊಡೆಯುವುದಿಲ್ಲ, ಅಲ್ಲಿ ಸೋಲಿಲ್ಲ, ಎಣಿಕೆ ದಿನದಿನಕ್ಕೆ ಏರುತ್ತ ಹೋಗುತ್ತದೆ. ನಾನು ಅಲ್ಲಿ ಅಷ್ಟು ದಿನ ಕಳೆದದ್ದು ಶ್ರದ್ಧೆಯಿಂದ ಎಂದು ಅಂದುಕೊಂಡಿದ್ದೆ. ಅದರಲ್ಲಿ ಅರ್ಧ ಪಾಲು ಅಂಜಿಕೆಯೂ ಇತ್ತು.

ಸೋಲಿನ ಖಾತೆ ಬರೆಯುವುದು

ಅಂದಿನಿಂದ ನಾನು ಅನುಸರಿಸುತ್ತಿರುವ, ಹೊಸಬರಿಗೆಲ್ಲ ಹೇಳುವ ಕ್ರಮ ಇದು. ನೀವು ಸೋತ ಹತ್ತು ಪಂದ್ಯಗಳ ರಿಪ್ಲೇ ಉಳಿಸಿಕೊಳ್ಳಿ. ಗೆದ್ದವು ಬೇಡ, ಗೆದ್ದ ಪಂದ್ಯದಲ್ಲಿ ತಪ್ಪುಗಳು ಅಡಗಿ ಕುಳಿತಿರುತ್ತವೆ. ಒಂದು ನೋಟ್‌ಬುಕ್ ತೆಗೆದುಕೊಂಡು, ಉಳಿದಿರುವ ಜೀವವನ್ನು ತೋರಿಸುವ ನಿಮ್ಮ ಹೆಲ್ತ್ ಬಾರ್‌ನಿಂದ ದೊಡ್ಡ ತುಂಡು ಹಾರಿದಾಗಲೆಲ್ಲ ರಿಪ್ಲೇ ನಿಲ್ಲಿಸಿ, ಆ ತುಂಡಿಗೆ ಒಂದು ಸಾಲು ಬರೆಯಿರಿ: ಯಾವ ಪೆಟ್ಟು, ನಾನು ಆಗ ಏನು ಮಾಡುತ್ತಿದ್ದೆ, ಏನು ಮಾಡಬೇಕಿತ್ತು. ಪ್ರತಿ ಸಾಲಿನ ಮುಂದೆ ಮೂರರಲ್ಲಿ ಒಂದು ಗುರುತು ಹಾಕಿ. ಪೆಟ್ಟು ಬರುತ್ತಿರುವುದು ಕಾಣಲೇ ಇಲ್ಲವೆಂದಾದರೆ "ಕಣ್ಣು", ಕಂಡಿತು ಆದರೆ ಉತ್ತರ ಗೊತ್ತಿರಲಿಲ್ಲ ಎಂದಾದರೆ "ತಲೆ", ಕಂಡಿತು, ಉತ್ತರವೂ ಗೊತ್ತಿತ್ತು, ಒತ್ತುವುದು ತಪ್ಪಿತು ಎಂದಾದರೆ "ಕೈ".

ಹತ್ತು ಪಂದ್ಯವೆಂದರೆ ಮೊದಲ ಸಲ ಎರಡು ಸಂಜೆ ಹಿಡಿಯುತ್ತದೆ, ಬೇಸರವೂ ಬರುತ್ತದೆ. ಟೆಕ್ಕೆನ್ 8ರಲ್ಲಿ ರಿಪ್ಲೇ ನಡುವೆಯೇ ಆಟವನ್ನು ನಿಮ್ಮ ಕೈಗೆ ತೆಗೆದುಕೊಂಡು ಆ ಕ್ಷಣವನ್ನು ಮತ್ತೆ ಆಡಿ ನೋಡುವ ಸೌಲಭ್ಯವಿರುವುದರಿಂದ ಕೆಲಸ ಹಗುರ. ಸ್ಟ್ರೀಟ್ ಫೈಟರ್ 6ರ ರಿಪ್ಲೇಯಲ್ಲಿ ಇಬ್ಬರೂ ಒತ್ತಿದ ಬಟನ್‌ಗಳನ್ನೂ ಫ್ರೇಮ್ ಲೆಕ್ಕವನ್ನೂ ಪರದೆಯ ಮೇಲೆ ತೋರಿಸಿಕೊಳ್ಳಬಹುದು.

ಮೊದಲ ಖಾತೆ ಬರೆದಾಗ ನನ್ನದರಲ್ಲಿ "ಕೈ" ಗುರುತು ಬೆರಳೆಣಿಕೆಯಷ್ಟೇ ಇತ್ತು, ಉಳಿದದ್ದೆಲ್ಲ ಕಣ್ಣು ಮತ್ತು ತಲೆ. ನಮ್ಮ ಮಾಳಿಗೆಯ ಹೊಸಬರದ್ದೂ ಹಾಗೆಯೇ ಬರುತ್ತದೆ, ಮತ್ತು ಅವರ ಮುಖ ಸಣ್ಣದಾಗುವುದನ್ನು ನೋಡಿದ್ದೇನೆ. ಸುಧಾರಿತ ಟೆಕ್ನಿಕ್ ಸರಿಪಡಿಸುವುದು ಮೂರನೆಯ ಗುರುತನ್ನು ಮಾತ್ರ, ಕೆಲವೊಮ್ಮೆ ಎರಡನೆಯದರ ಒಂದು ಸಣ್ಣ ಭಾಗವನ್ನು. ಕಣ್ಣಿಗೆ ಕಾಣದಿದ್ದ ಪೆಟ್ಟಿಗೆ ಯಾವ ಕೈಚಳಕವೂ ಅಡ್ಡ ಬರುವುದಿಲ್ಲ.

"ಕೈ" ಎಂದು ಗುರುತು ಹಾಕುವ ಮೊದಲು ಯಂತ್ರವನ್ನು ಒಮ್ಮೆ ಸಂಶಯಿಸಿ. ನಮ್ಮಲ್ಲೊಬ್ಬ ತನಗೆ ಡ್ರೈವ್ ಇಂಪ್ಯಾಕ್ಟ್ ನೋಡಿ ಉತ್ತರಿಸಲು ಆಗುವುದೇ ಇಲ್ಲ, ವಯಸ್ಸಾಯಿತು ಎಂದು ಕೊರಗುತ್ತಿದ್ದ. ಅವನಿಗೆ ಮೂವತ್ತೊಂದು ವರ್ಷ. ಅವನ ಮನೆಗೆ ಹೋಗಿ ನೋಡಿದರೆ ಟಿವಿಯಲ್ಲಿ ಗೇಮ್ ಮೋಡ್ ಹಾಕಿರಲಿಲ್ಲ. ಚಿತ್ರವನ್ನು ಚೆಂದಗೊಳಿಸಲು ಟಿವಿ ತೆಗೆದುಕೊಳ್ಳುವ ಸಮಯ 26 ಫ್ರೇಮಿನ ಅವಕಾಶದಲ್ಲಿ ಒಂದು ಪಾಲನ್ನು ನುಂಗಿಹಾಕುತ್ತಿತ್ತು. ಆನ್‌ಲೈನ್ ಆಡುವವರು ವೈಫೈ ಬಿಟ್ಟು ರೌಟರಿನಿಂದ ನೇರ ಕೇಬಲ್ ಎಳೆದುಕೊಳ್ಳಬೇಕು. ಎರಡೂ ಆಟಗಳು ತಡವಾಗಿ ಬಂದ ಎದುರಾಳಿಯ ಚಲನೆಯನ್ನು ಊಹಿಸಿ ಆಮೇಲೆ ತಿದ್ದಿಕೊಳ್ಳುವ ರೋಲ್‌ಬ್ಯಾಕ್ ಪದ್ಧತಿಯವು, ಸುಮಾರು ಐನೂರು ಕಿಲೋಮೀಟರ್ ದೂರದ ಬೆಂಗಳೂರಿನವನ ಜೊತೆ ಆಡುವುದು ಅವುಗಳಿಗೆ ಕಷ್ಟವಲ್ಲ. ಆದರೆ ವೈಫೈ ನಡುನಡುವೆ ತಡವರಿಸಿದರೆ ಎದುರಾಳಿ ಪರದೆಯ ಮೇಲೆ ಇದ್ದಲ್ಲಿಂದ ಹಠಾತ್ತನೆ ಇನ್ನೊಂದು ಕಡೆ ಕಾಣಿಸಿಕೊಳ್ಳುತ್ತಾನೆ. ಅಂಥ ಪಂದ್ಯಗಳನ್ನು ಖಾತೆಗೆ ಸೇರಿಸಬೇಡಿ.

ಖಾತೆಯಲ್ಲಿ ಅತಿ ಹೆಚ್ಚು ಸಲ ಬಂದ ಒಂದೇ ಒಂದು ಸಾಲನ್ನು ಆರಿಸಿಕೊಂಡು ಮುಂದಿನ ಎರಡು ವಾರ ಅದಕ್ಕೆ ಮಾತ್ರ ಮೀಸಲಿಡಿ. ಸ್ಟ್ರೀಟ್ ಫೈಟರ್ ಆಡುವ ಹೊಸಬರಲ್ಲಿ ಆ ಸಾಲು ಬಹಳ ಸಲ "ಹಾರಿ ಬಂದವನನ್ನು ಹೊಡೆದು ಇಳಿಸಲಿಲ್ಲ" ಎಂದಿರುತ್ತದೆ. ಎರಡನೆಯದು, ಕೆನ್ ಅಥವಾ ರ್ಯು ಪಾತ್ರ ಬೀಸಿದ ಶೋರ್ಯುಕೆನ್ ಎಂಬ ಮೇಲಕ್ಕೆ ಹಾರುವ ಗುದ್ದು ಬ್ಲಾಕ್ ಆದ ಮೇಲೂ ಸುಮ್ಮನೆ ನಿಂತದ್ದು. 20 ಫ್ರೇಮಿಗೂ ಮೀರಿ ಬಯಲಾಗಿರುವ ಎದುರಾಳಿಯನ್ನು ಬಿಟ್ಟುಕೊಡುವುದೆಂದರೆ ಪೂರ್ತಿ ಕಾಂಬೊವನ್ನು ದಾನ ಮಾಡಿದಂತೆ. ಟೆಕ್ಕೆನ್ ಆಡುವವರಲ್ಲಿ ತಾನು ನಷ್ಟದಲ್ಲಿರುವಾಗಲೂ ಬಟನ್ ಒತ್ತುವ ಚಟ ಮೊದಲು ಕಾಣುತ್ತದೆ. ಇವಾವುದಕ್ಕೂ ಸುಧಾರಿತ ಎಂಬ ವಿಶೇಷಣ ಬೇಕಿಲ್ಲ. ಅಂಗಳ ಹಾರಲಾರದವನು ಗಗನ ಹಾರಿಯಾನೇ ಎಂಬ ಗಾದೆಯನ್ನು ನಾನು ಯಾರಿಗೂ ಎದುರಿಗೆ ಹೇಳುವುದಿಲ್ಲ, ಖಾತೆಯೇ ಅದನ್ನು ಹೇಳುತ್ತದೆ.

ಶಹಾಪುರದ ಕಡೆ ಆನಂದವಾಡಿಯ ಕುಸ್ತಿ ಆಖಾಡಾ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗರಡಿಗೆ ಸೇರಿದ ಹುಡುಗನಿಗೆ ವಸ್ತಾದರು ಮೊದಲು ಮಣ್ಣು ಅಗೆಸುತ್ತಾರೆ, ಬಸ್ಕಿ ಹೊಡೆಸುತ್ತಾರೆ, ಕಾಲೂರಿ ನಿಲ್ಲುವುದನ್ನು ಕಲಿಸುತ್ತಾರೆ. ಢಾಕ್, ಧೋಬಿ ಮುಂತಾದ ಡಾವುಗಳು ಬರುವುದು ಆಮೇಲೆ. ಆದರೆ ಈ ಹೋಲಿಕೆಯನ್ನು ಹೆಚ್ಚು ಎಳೆಯಬಾರದು. ಗರಡಿಯಲ್ಲಿ ನೋಡಿಕೊಳ್ಳಲು ವಸ್ತಾದರಿದ್ದಾರೆ, ಡಾವು ಕಲಿಸುವ ಹೊತ್ತನ್ನು ಅವರು ನಿರ್ಧರಿಸುತ್ತಾರೆ. ನಮ್ಮ ಆಟದಲ್ಲಿ ಯೂಟ್ಯೂಬ್ ತೆರೆದರೆ ಮೊದಲ ದಿನವೇ ಅತಿ ಕಷ್ಟದ ಡಾವು ಎದುರಿಗೆ ಬಂದು ನಿಲ್ಲುತ್ತದೆ, ತಡೆಯುವವರು ಯಾರೂ ಇಲ್ಲ.

ಟೆಕ್ನಿಕ್ ನಿಜವಾಗಿ ಬೇಕಾಗುವ ಕಡೆ

ಹಾಗಾದರೆ ಅವು ಬೇಡವೇ ಬೇಡ ಎಂದು ಹೇಳುವವರ ಗುಂಪಿಗೂ ನಾನು ಸೇರುವುದಿಲ್ಲ. ಆಟ ಯಾವುದು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. 2001ರಲ್ಲಿ ಗೇಮ್‌ಕ್ಯೂಬ್‌ಗೆ ಬಂದ ಮೀಲೀಯನ್ನೇ ತೆಗೆದುಕೊಳ್ಳಿ. ಗಾಳಿಯಲ್ಲಿ ಹೊಡೆದು ಇಳಿಯುವಾಗ ನೆಲ ಮುಟ್ಟುವ ಮುಂಚಿನ 7 ಫ್ರೇಮಿನೊಳಗೆ ಶೀಲ್ಡ್ ಬಟನ್ ಒತ್ತಿದರೆ ಇಳಿದ ಮೇಲಿನ ಜಡತೆ ಅರ್ಧಕ್ಕಿಳಿಯುತ್ತದೆ. ಅದಕ್ಕೆ ಎಲ್-ಕ್ಯಾನ್ಸಲ್ ಎನ್ನುತ್ತಾರೆ. ಆ ಆಟದಲ್ಲಿ ಒಂದೊಂದು ಪಂದ್ಯದಲ್ಲೂ ಹತ್ತಾರು ಸಲ ಹಾಗೆ ಇಳಿಯಬೇಕಾಗುತ್ತದೆ, ಹೀಗಾಗಿ ಅಲ್ಲಿ ಎಲ್-ಕ್ಯಾನ್ಸಲ್ ಕಲಿಯದೆ ವರ್ಷಗಟ್ಟಲೆ ಕೂರುವುದು ಹಟಮಾರಿತನ. ಜಿಗಿದ ಕೂಡಲೇ ಓರೆಯಾಗಿ ನೆಲಕ್ಕೆ ಏರ್ ಡಾಡ್ಜ್ (ಗಾಳಿಯಲ್ಲಿ ತಪ್ಪಿಸಿಕೊಳ್ಳುವ ಚಲನೆ) ಮಾಡಿ ಜಾರುವ ವೇವ್‌ಡ್ಯಾಶ್ ಕೂಡ ಅಲ್ಲಿ ನಡಿಗೆಯ ಒಂದು ಬಗೆಯೇ ಆಗಿಹೋಗಿದೆ. ಒಂದು ಟೆಕ್ನಿಕ್ಕಿಗೆ ಎಷ್ಟು ಸಮಯ ಕೊಡಬೇಕೆಂದು ಅಳೆಯಲು ನಾನು ಬಳಸುವ ಪ್ರಶ್ನೆ ಇದರಿಂದಲೇ ಹುಟ್ಟಿದ್ದು: ಇದು ಒಂದು ಪಂದ್ಯದಲ್ಲಿ ಎಷ್ಟು ಸಲ ಬೇಕಾಗುತ್ತದೆ? ಇಪ್ಪತ್ತು ಸಲವಾದರೆ ಇಂದೇ ಶುರು ಮಾಡಿ. ಹತ್ತು ಪಂದ್ಯಕ್ಕೆ ಒಂದು ಸಲವಾದರೆ, ಅದು ಎಷ್ಟೇ ಸುಂದರವಾಗಿರಲಿ, ಕಾಯಬಹುದು.

ಇದಕ್ಕೆ ವಿರುದ್ಧ ದಿಕ್ಕಿನ ಉದಾಹರಣೆ ಪ್ಲಿಂಕಿಂಗ್. ಸ್ಟ್ರೀಟ್ ಫೈಟರ್ 4ರಲ್ಲಿ ಕೆಲವು ಕಾಂಬೊಗಳ ಕೊಂಡಿಗೆ ಒಂದೇ ಫ್ರೇಮಿನ ಅವಕಾಶವಿತ್ತು, ಆದ್ದರಿಂದ ಎರಡು ಬಟನ್‌ಗಳನ್ನು ಒಂದು ಫ್ರೇಮ್ ಹಿಂದೆಮುಂದೆ ಒತ್ತಿ ಅದೇ ಪೆಟ್ಟು ಎರಡು ಸಲ ದಾಖಲಾಗುವಂತೆ ಮಾಡುತ್ತಿದ್ದರು. 2023ರ ಜೂನ್‌ನಲ್ಲಿ ಬಂದ ಸ್ಟ್ರೀಟ್ ಫೈಟರ್ 6ರಲ್ಲಿ ಕೆಲವು ಫ್ರೇಮ್ ಮುಂಚೆ ಒತ್ತಿದ ಬಟನ್ನನ್ನೂ ಆಟವೇ ಹಿಡಿದಿಟ್ಟುಕೊಂಡು ಸರಿಯಾದ ಹೊತ್ತಿಗೆ ಹೊರಡಿಸುತ್ತದೆ. ಅಷ್ಟು ಕಷ್ಟಪಟ್ಟು ಪಳಗಿಸಿದ ಬೆರಳಿಗೆ ಕೆಲಸವೇ ಇಲ್ಲದಂತಾಯಿತು. ಅದೇ ಆಟದ ಮಾಡರ್ನ್ ಕಂಟ್ರೋಲ್‌ನಲ್ಲಿ ವಿಶೇಷ ಪೆಟ್ಟುಗಳು ಒಂದೇ ಬಟನ್ನಿಗೆ ಬರುತ್ತವೆ, ಅದಕ್ಕೆ ಬದಲಾಗಿ ಅವುಗಳ ಬಲದಲ್ಲಿ 20 ಪ್ರತಿಶತ ಕಡಿತ. ಕೈಯ ಹೊರೆ ಅಷ್ಟು ಇಳಿದ ಮೇಲೂ ಹೊಸಬ ಹಳಬನಿಗೆ ಸೋಲುತ್ತಲೇ ಇದ್ದಾನೆಂದರೆ ವ್ಯತ್ಯಾಸ ಬೇರೆಲ್ಲೋ ಇದೆ. ದೂರದ ಅಂದಾಜು, ಎದುರಾಳಿಯ ಚಟಗಳನ್ನು ಗುರುತಿಸುವುದು, ನಷ್ಟದಲ್ಲಿದ್ದಾಗ ಕೈ ಕಟ್ಟಿ ಕೂರುವ ಸಂಯಮ ಇವು ಒಂದು ಆಟದಿಂದ ಇನ್ನೊಂದಕ್ಕೆ ಜೊತೆಗೆ ಬರುತ್ತವೆ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಸ್ಟ್ರೀಟ್ ಫೈಟರ್ 5ರ ಚಿನ್ನದ ಪದಕ ಗೆದ್ದ ದಕ್ಷಿಣ ಕೊರಿಯಾದ ಕಿಮ್ ಕ್ವಾನ್-ವೂ ಅವರಿಗೆ ಆಗ 44 ವರ್ಷ. ವಯಸ್ಸಾಯಿತೆಂದು ಕೊರಗುತ್ತಿದ್ದ ನಮ್ಮ ಗೆಳೆಯನಿಗೆ ಇದನ್ನು ಹೇಳಿದ್ದೇನೆ. ಅವನು ಗೇಮ್ ಮೋಡ್ ಹಾಕಿಕೊಂಡಿದ್ದಾನೆ.

ಟೆಕ್ನಿಕ್ಕಿನ ಪರವಾಗಿ ಎಲ್ಲರೂ ಮುಂದಿಡುವ ಸಾಕ್ಷಿ ಫೈಟಿಂಗ್ ಗೇಮ್‌ಗಳ ದೊಡ್ಡ ಸ್ಪರ್ಧೆಯಾದ 2004ರ ಇವೋ ಟೂರ್ನಮೆಂಟ್‌ನದು. ಸ್ಟ್ರೀಟ್ ಫೈಟರ್ 3: ಥರ್ಡ್ ಸ್ಟ್ರೈಕ್‌ನಲ್ಲಿ ಜಸ್ಟಿನ್ ವಾಂಗ್ ಅವರ ಚುನ್-ಲೀ ಪಾತ್ರ ಸೂಪರ್ ಎಂಬ ಮಹಾಪೆಟ್ಟನ್ನು ಹೊಡೆದಾಗ ಡೈಗೊ ಉಮೆಹರಾ ಅವರ ಕೆನ್ ಹದಿನೈದು ಒದೆಗಳನ್ನೂ ಒಂದೊಂದಾಗಿ ಪ್ಯಾರಿ ಮಾಡಿ, ಅಂದರೆ ತಗಲುವ ಕ್ಷಣಕ್ಕೆ ಸರಿಯಾಗಿ ಒತ್ತಿ ನಷ್ಟವಿಲ್ಲದೆ ತಡೆದು, ತಿರುಗಿ ಹೊಡೆದು ಗೆದ್ದರು. ಆ ದೃಶ್ಯವನ್ನು ನೋಡಿದವರ ಕಣ್ಣಿಗೆ ಬೀಳುವುದು ಬೆರಳುಗಳ ವೇಗ. ನನಗೆ ಈಗೀಗ ಕಾಣುವುದು ಅದಕ್ಕಿಂತ ಹಿಂದಿನ ಎರಡು ಸಂಗತಿ. ಕೆನ್‌ನ ಹೆಲ್ತ್ ಬಾರ್‌ನಲ್ಲಿ ಉಳಿದದ್ದು ಒಂದು ಗೆರೆಯಷ್ಟು. ಸುಮ್ಮನೆ ಬ್ಲಾಕ್ ಮಾಡಿದ್ದರೂ ತೊಟ್ಟಿಕ್ಕುವ ನಷ್ಟಕ್ಕೇ ಅವನು ಸಾಯುತ್ತಿದ್ದ, ಪ್ಯಾರಿ ಬಿಟ್ಟು ಬೇರೆ ದಾರಿ ಇರಲಿಲ್ಲ. ಮತ್ತು ಆ ಸೂಪರ್ ಈಗ ಬರುತ್ತದೆ ಎಂದು ಮೊದಲೇ ಎಣಿಸಿದವನಿಗೆ ಮಾತ್ರ ಮೊದಲ ಒದೆಯ ಪ್ಯಾರಿ ಸಿಗುತ್ತದೆ. ಇಷ್ಟಾಗಿ ಆ ಟೂರ್ನಮೆಂಟ್‌ನ ಫೈನಲ್‌ನಲ್ಲಿ ಡೈಗೊ ಸೋತರು, ಗೆದ್ದವರು ಕೆಂಜಿ ಒಬಾಟಾ. ಆ ಫೈನಲ್ ನೋಡಿದ್ದೇನೆ ಎನ್ನುವವರು ನಮ್ಮ ಮಾಳಿಗೆಯಲ್ಲಿ ಒಬ್ಬರೂ ಇಲ್ಲ.

ಕೈಗೆ ಹತ್ತಿಸಿಕೊಳ್ಳುವ ಬಗೆ

ನಿಮ್ಮ ಖಾತೆಯಲ್ಲಿ "ಕೈ" ಗುರುತು ಹೆಚ್ಚತೊಡಗಿದರೆ, ಅಥವಾ ಉತ್ತರ ಗೊತ್ತಿದ್ದು ಆ ಉತ್ತರವೇ ಒಂದು ಕಷ್ಟದ ಟೆಕ್ನಿಕ್ ಆಗಿದ್ದರೆ, ಆಗ ಕಲಿಯುವ ಹೊತ್ತು ಬಂದಿದೆ. ದಿನಕ್ಕೆ ಹದಿನೈದು ನಿಮಿಷ ಸಾಕು. ಎರಡು ಗಂಟೆ ಒಂದೇ ಸಮನೆ ಒತ್ತಿದರೆ ಕೊನೆಯ ಒಂದೂವರೆ ಗಂಟೆಯಲ್ಲಿ ದಣಿದ ಕೈ ತಪ್ಪನ್ನೇ ರೂಢಿ ಮಾಡಿಕೊಳ್ಳುತ್ತದೆ, ಇದನ್ನು ಮೂರು ತಿಂಗಳು ಮಾಡಿ ನೋಡಿದವನ ಮಾತು ಎಂದು ತಿಳಿಯಿರಿ. ಮಣಿಕಟ್ಟು ನೋಯತೊಡಗಿದರೆ ಆ ದಿನಕ್ಕೆ ಅಲ್ಲಿಗೇ ನಿಲ್ಲಿಸಿ.

ಒತ್ತಿದ ಬಟನ್‌ಗಳನ್ನು ತೋರಿಸುವ ಇನ್‌ಪುಟ್ ಡಿಸ್‌ಪ್ಲೇ ಮೊದಲು ಆನ್ ಮಾಡಿ. ಎಲೆಕ್ಟ್ರಿಕ್ ಬರದಿದ್ದಾಗ ಗುದ್ದು ಬೇಗ ಬಿದ್ದಿತೋ ತಡವಾಯಿತೋ ಎಂಬುದು ಕೈಗೆ ತಿಳಿಯುವುದಿಲ್ಲ, ಪರದೆಗೆ ತಿಳಿಯುತ್ತದೆ. ನನ್ನದು ಸದಾ ತಡವಾಗುತ್ತಿತ್ತು, ನಾನು ಬೇಗ ಒತ್ತುತ್ತಿದ್ದೇನೆಂದು ಭಾವಿಸಿ ಇನ್ನೂ ತಡಮಾಡುತ್ತಿದ್ದೆ. ಸತತ ಐದು ಸರಿಯಾಗಿ ಬಂದ ಕೂಡಲೇ ಬದಿ ಬದಲಿಸಿ, ಬಲಕ್ಕೆ ನಿಂತು ಮಾಡಿ. ಒಂದೇ ಬದಿಯಲ್ಲಿ ಕಲಿತ ವಿದ್ಯೆ ಪಂದ್ಯದ ಅರ್ಧದಲ್ಲಿ ಕೈಕೊಡುತ್ತದೆ, ಮತ್ತು ಚಾಣಾಕ್ಷ ಎದುರಾಳಿ ನಿಮ್ಮನ್ನು ಆ ಬದಿಗೇ ತಳ್ಳುತ್ತಾನೆ.

ಎರಡನೆಯ ವಾರ ಗೊಂಬೆಯನ್ನು ಸುಮ್ಮನೆ ನಿಲ್ಲಿಸಬೇಡಿ. ಟ್ರೇನಿಂಗ್ ಮೋಡ್‌ನಲ್ಲಿ ಗೊಂಬೆಗೆ ಎರಡು ಮೂರು ಚಲನೆಗಳನ್ನು ರೆಕಾರ್ಡ್ ಮಾಡಿ, ಯಾವುದನ್ನಾದರೂ ತನಗೆ ಬಂದಂತೆ ಆಡುವ ಹಾಗೆ ಬಿಡಬಹುದು. ಸ್ನೇಕ್ ಎಡ್ಜ್‌ಗೆ ಉತ್ತರ ಕಲಿಯುವಾಗ ನಾನು ಬ್ರಯನ್ ಗೊಂಬೆಗೆ ಒಂದು ಸ್ನೇಕ್ ಎಡ್ಜ್, ಒಂದು ಮಧ್ಯದ ಪೆಟ್ಟು, ಒಂದು ಸುಮ್ಮನೆ ಮುಂದೆ ಬರುವ ನಡಿಗೆ ಹಾಕಿಟ್ಟೆ. ಕುಳಿತುಬಿಟ್ಟರೆ ಮಧ್ಯದ ಪೆಟ್ಟು ತಗುಲುತ್ತದೆ, ನಿಂತುಬಿಟ್ಟರೆ ಸ್ನೇಕ್ ಎಡ್ಜ್; ಬ್ರಯನ್‌ನ ಕಾಲು ಹಿಂದಕ್ಕೆ ಸರಿಯುವುದನ್ನು ನೋಡಿಯೇ ಕುಳಿತುಕೊಳ್ಳಬೇಕು. ಮೊದಲ ಸಂಜೆ ಇಪ್ಪತ್ತಕ್ಕೆ ನಾಲ್ಕು ತಡೆದೆ. ಒಂದು ವಾರದ ನಂತರ ಹದಿನೈದು. ಕಣ್ಣಿನ ಅಭ್ಯಾಸವೂ ಅಭ್ಯಾಸವೇ ಎಂದು ನನಗೆ ಮನವರಿಕೆಯಾದದ್ದು ಆಗ.

ಮೂರನೆಯ ವಾರ ಅದನ್ನು ಪಂದ್ಯಕ್ಕೆ ಒಯ್ಯಿರಿ. ಆ ದಿನಗಳಲ್ಲಿ ಗೆಲುವನ್ನು ಎಣಿಸಬೇಡಿ, ಪ್ರಯತ್ನವನ್ನು ಎಣಿಸಿ: ಅವಕಾಶ ಎಷ್ಟು ಸಲ ಬಂತು, ಎಷ್ಟು ಸಲ ಕೈ ಹಾಕಿದೆ, ಎಷ್ಟು ಸಲ ಟೆಕ್ನಿಕ್ ಸರಿಯಾಗಿ ಬಂತು. ರ್ಯಾಂಕ್ ಕುಸಿದರೆ ಕುಸಿಯಲಿ. ಹತ್ತು ಪಂದ್ಯಗಳಲ್ಲಿ ಒಮ್ಮೆಯೂ ಅವಕಾಶವೇ ಬರಲಿಲ್ಲವೆಂದಾದರೆ ನೀವು ತಪ್ಪು ಟೆಕ್ನಿಕ್ ಆರಿಸಿದ್ದೀರಿ, ಖಾತೆಗೆ ಹಿಂತಿರುಗಿ. ಕೊರಿಯನ್ ಬ್ಯಾಕ್‌ಡ್ಯಾಶ್ ವಿಷಯದಲ್ಲಿ ಇದು ಬಹಳ ನಡೆಯುತ್ತದೆ. ಎದುರಾಳಿಯ ಪೆಟ್ಟು ಎಷ್ಟು ದೂರ ಮುಟ್ಟುತ್ತದೆ ಎಂಬ ಅಳತೆ ಗೊತ್ತಿಲ್ಲದವನು ಎಷ್ಟು ಚೆಂದವಾಗಿ ಹಿಂದೆ ಸರಿದರೂ ಗೋಡೆಗೆ ಹೋಗಿ ನಿಲ್ಲುತ್ತಾನೆ. ಅಳತೆ ಗೊತ್ತಿದ್ದವನಿಗೆ ಅದು ಒಂದು ಗೇಣು ಹಿಂದೆ ಸರಿದು, ಗಾಳಿಗೆ ಬೀಸಿದ ಕೈ ಹಿಂತಿರುಗುವ ಮೊದಲೇ ಹೊಡೆಯುವ ಸಾಧನ.

ಗೋಕಾಕದ ಹುಡುಗ ಈಗಲೂ ಭಾನುವಾರ ಬರುತ್ತಾನೆ. ಸ್ನೇಕ್ ಎಡ್ಜ್ ಬೀಸಿ ಎರಡು ಮೂರು ಸಲ ಟ್ವಿನ್ ಪಿಸ್ಟನ್ಸ್ ತಿಂದ ಮೇಲೆ ಅದನ್ನು ನನ್ನೆದುರು ಬಳಸುವುದು ಬಿಟ್ಟಿದ್ದಾನೆ. ಅದರ ಬದಲು ಒಂದು ಹೆಜ್ಜೆ ದೂರದಲ್ಲಿ ನಿಂತು, ನಾನು ಒಳಗೆ ಬರುವ ಪ್ರತಿಯೊಂದು ಸಲವೂ ಉದ್ದದ ಒದೆಯಿಂದ ತಡೆಯುವುದನ್ನು ರೂಢಿಸಿಕೊಂಡಿದ್ದಾನೆ. ಕಳೆದ ತಿಂಗಳ ಖಾತೆಯಲ್ಲಿ ಮೊದಲ ಬಾರಿಗೆ "ಕೈ" ಗುರುತು ಉಳಿದೆರಡನ್ನೂ ಮೀರಿತು: ಅವನ ಒದೆ ಗಾಳಿಗೆ ಹೋಗುತ್ತದೆ, ನನಗೆ ಕಾಣುತ್ತದೆ, ಆ ದೂರದಿಂದ ನುಗ್ಗಿ ಹೊಡೆಯಲು ಎಲೆಕ್ಟ್ರಿಕ್ ಬೇಕೆಂದೂ ಗೊತ್ತಿದೆ, ಒತ್ತಿದರೆ ನೀಲಿ ಮಿಂಚಿಲ್ಲದ ಸಾಮಾನ್ಯ ಗುದ್ದು ಬರುತ್ತದೆ. ಅವನು ಯಾವಾಗಲೂ ನನ್ನನ್ನು ಬಲಬದಿಗೆ ತಿರುಗಿಸಿಕೊಂಡೇ ಆಡುತ್ತಾನೆ. ಆದ್ದರಿಂದ ಈಗ ದಿನಕ್ಕೆ ಹದಿನೈದು ನಿಮಿಷ, ಬಲಬದಿಯಲ್ಲಿ ಮಾತ್ರ. ನಿನ್ನೆ ಸಂಜೆಯ ಎಣಿಕೆ ಹತ್ತಕ್ಕೆ ಆರು.